ಅಪ್ಪ ಓದಿದ ನೀಲಿ ಬೋರ್ಡುಗಳು

ನನಗೊಂದು ಚಟವಿದೆ. ಯಾವುದೇ ಹಳೆಯ ಗುಡಿಗೋ ಕೋಟೆಗೋ ಗುಹೆಗೋ ಹೋಗಲಿ, ಜೊತೆಗೆ ಬಂದವರೆಲ್ಲ ಒಳಗೆ ಹೋಗಿ, ನೋಡಿ, ಫೋಟೋ ತೆಗೆಸಿಕೊಂಡು ಹೊರಗೆ ಬಂದರೂ ನಾನು ಮಾತ್ರ ಬಾಗಿಲಲ್ಲಿ ಸರಕಾರದವರು ನೆಟ್ಟ ನೀಲಿ ಬೋರ್ಡಿನ ಮುಂದೆ ನಿಂತೇ ಇರುತ್ತೇನೆ. ನಮ್ಮ ಮನೆಯವರಿಗೆ ಇದೊಂದು ತಲೆನೋವು. ಊರೂರಿಗೂ ಅದೇ ಬೋರ್ಡು, ಅದರಲ್ಲೇನು ಓದುತ್ತೀ ಎನ್ನುತ್ತಾರೆ. ಅವರ ಮಾತು ಖರೆ. ಬಿಳಿ ಅಕ್ಷರಗಳಲ್ಲಿ ಎಲ್ಲ ಕಡೆಯೂ ಬರೆದದ್ದು ಒಂದೇ: ಇದು ಕಾಯ್ದೆಯ ಪ್ರಕಾರ ಕಾಪಾಡಿದ ಸ್ಮಾರಕ, ಇದನ್ನು ಒಡೆದವರಿಗೆ, ಕೆಡಿಸಿದವರಿಗೆ, ಗೀಚಿದವರಿಗೆ ಸೆರೆಮನೆ, ಇಲ್ಲವೆ ದಂಡ, ಇಲ್ಲವೆ ಎರಡೂ. ನೀವೂ ನೋಡಿರುತ್ತೀರಿ, ಓದಿರಲಿಕ್ಕಿಲ್ಲ. ನಾನು ಓದುತ್ತೇನೆ. ಏಕೆಂದರೆ ಎಂಟು ವರ್ಷದವಳಾಗುವ ತನಕ ಅದರಲ್ಲಿ ರಾಜರ ಕತೆ ಬರೆದಿರುತ್ತದೆ ಎಂದೇ ನಾನು ನಂಬಿದ್ದೆ. ಒಂದೊಂದು ಊರಿನ ಬೋರ್ಡಿನಲ್ಲಿ ಒಂದೊಂದು ಕತೆ. ಓದಿ ಹೇಳುತ್ತಿದ್ದವನು ನಮ್ಮಪ್ಪ.

ನಮ್ಮಪ್ಪನಿಗೆ ಓದಲು ಬರುತ್ತಿರಲಿಲ್ಲ.

ಇದನ್ನು ಮೊದಲೇ ಹೇಳಿಬಿಟ್ಟರೆ ನನಗೂ ಹಗುರ, ನಿಮಗೂ ಹಗುರ. ನಮ್ಮೂರು ಗುಡಗೇರಿ. ಅಪ್ಪ ಒಂದನೇ ಇಯತ್ತೆಯಲ್ಲಿದ್ದಾಗ ಅಜ್ಜ ತೀರಿಕೊಂಡ. ಮನೆಯಲ್ಲಿ ಗಂಡಾಳು ಅಂತ ಉಳಿದವನು ಅಪ್ಪನೊಬ್ಬನೇ. ಅವನ ತಾಯಿ, ಅಂದರೆ ನಮ್ಮ ಆಯಿ, ಅವನ ಕೈಯಿಂದ ಬರೆಯುವ ಪಾಟಿ ಇಸಿದುಕೊಂಡು ಬಾರುಕೋಲು ಕೊಟ್ಟು ಎಮ್ಮೆಗಳ ಹಿಂದೆ ಕಳಿಸಿದಳು. ಆ ಹೊತ್ತಿಗೆ ಬೇರೆ ದಾರಿ ಇರಲಿಲ್ಲ. ಆದರೆ ಆ ಸಂಕಟ ಆಯಿಯ ಹೊಟ್ಟೆಯಲ್ಲಿ ಹಾಗೇ ಕೂತುಬಿಟ್ಟಿತು. ನಮ್ಮ ಕಟ್ಟೆಯ ಮುಂದೆ ಯಾರ ಮನೆಯ ಹುಡುಗರಾದರೂ ಪಾಟಿಚೀಲ ಹಾಕಿಕೊಂಡು ಹೋದರೆ ಸಾಕು, ನನ್ನ ಕೈಯಾರೆ ನನ್ನ ಮಗನ ಕಣ್ಣು ಕಳೆದೆ ಎಂದು ಸೆರಗು ಬಾಯಿಗೆ ಹಚ್ಚುತ್ತಿದ್ದಳು. ಸಾಲಿಯ ಪಾಸು-ನಪಾಸು ಹೇಳುವ ದಿನವಂತೂ ಆಯಿ ಊಟ ಮಾಡುತ್ತಿರಲಿಲ್ಲ.

ಅಪ್ಪನಿಗೆ ಇದು ತಡೆಯಲಾಗುತ್ತಿರಲಿಲ್ಲ. ಪ್ರಾಯಕ್ಕೆ ಬಂದ ಮೇಲೆ ಒಬ್ಬ ಗೆಳೆಯನ ಕೈಯಲ್ಲಿ ಹೊಲದ ಮಣ್ಣಿನ ಮೇಲೆ ಬರೆಸಿಕೊಂಡು ಸಹಿ ಮಾಡುವುದನ್ನು ಕಲಿತ. ಕಲಿತ ಅನ್ನುವುದಕ್ಕಿಂತ ತನ್ನ ಹೆಸರಿನ ಚಿತ್ರ ಬಿಡಿಸುವುದನ್ನು ರೂಢಿ ಮಾಡಿಕೊಂಡ. ಅದನ್ನು ಆಯಿಗೆ ತೋರಿಸಿದ ದಿನ ಆಯಿ ಓಣಿಗೆಲ್ಲ ಸಕ್ಕರೆ ಹಂಚಿದಳಂತೆ. ಸಹಿ ಮಾಡುವವನಿಗೆ ಓದು ಬಾರದೆ ಇರುತ್ತದೆಯೇ, ಎಮ್ಮೆ ಕಾಯುತ್ತ ಕಾಯುತ್ತ ನನ್ನ ಮಗ ತಾನೇ ಕಲಿತುಕೊಂಡ ಎಂದು ಅವಳೇ ತೀರ್ಮಾನ ಮಾಡಿದಳು. ಅಪ್ಪ ಅಲ್ಲ ಅನ್ನಲಿಲ್ಲ. ಅನ್ನದೇ ಇದ್ದದ್ದು ಮುಂದೆ ಎಷ್ಟು ದೂರ ಅವನನ್ನು ಎಳೆದುಕೊಂಡು ಹೋಗುತ್ತದೆ ಎಂದು ಅವನಿಗಾದರೂ ಏನು ಗೊತ್ತು!

ನಮ್ಮ ಕಡೆ ಆಗ ಸುಮ್ಮನೆ ನೋಡಿ ಬರಲಿಕ್ಕೆ ಅಂತ ಯಾರೂ ಎಲ್ಲಿಗೂ ಹೋಗುತ್ತಿರಲಿಲ್ಲ. ಹಾಗೆ ಹೊರಟರೆ, ಇವರಿಗೇನು ಹೊಲಮನೆ ಕೆಲಸ ಇಲ್ಲೇನು ಎನ್ನುವವರೇ ಎಲ್ಲ. ದೇವರಿಗೆ ಹೋಗುತ್ತೇವೆ ಅಂದರೆ ಮಾತ್ರ ಯಾರದೂ ತಕರಾರಿಲ್ಲ. ಹೀಗಾಗಿ ಬಿಳಿಜೋಳದ ರಾಶಿ ಮುಗಿದು ಯುಗಾದಿ ಬರುವುದರೊಳಗೆ ನಾವು ವರ್ಷಕ್ಕೊಂದು ದೇವರನ್ನು ಹಿಡಿಯುತ್ತಿದ್ದೆವು. ಒಂದು ವರ್ಷ ಅಣ್ಣಿಗೇರಿ, ಮರುವರ್ಷ ಲಕ್ಕುಂಡಿ. ಮನೆಯ ಎತ್ತು-ಎಮ್ಮೆ ನೋಡಿಕೊಳ್ಳಲು ಬಾಜೂ ಮನೆಯವರಿಗೆ ಹೇಳಿ, ರೊಟ್ಟಿ ಗಂಟು ಕಟ್ಟಿಕೊಂಡು ಅಪ್ಪ, ಅವ್ವ, ಆಯಿ, ನಾನು ಹೊರಡುತ್ತಿದ್ದೆವು. ಗುಡಿಯ ಬಾಗಿಲಲ್ಲಿ ನೀಲಿ ಬೋರ್ಡು ಕಂಡ ಕೂಡಲೇ ಆಯಿ ಕೋಲು ಊರಿ ನಿಂತುಬಿಡುತ್ತಿದ್ದಳು. ಅಪ್ಪನನ್ನು ಅವಳು ಕರೆಯುತ್ತಿದ್ದದ್ದು ತಮ್ಮಾ ಅಂತ. "ಓದೋ ತಮ್ಮಾ" ಎನ್ನುತ್ತಿದ್ದಳು.

ಅಪ್ಪನದೊಂದು ಪದ್ಧತಿ ಇತ್ತು. ಮೊದಲು ಒಳಗೊಮ್ಮೆ ಹಣಿಕಿ ಹಾಕಿ, ಏನೇನಿದೆ ನೋಡಿಕೊಂಡು ಬರುತ್ತಿದ್ದ. ಆಮೇಲೆ ಕೈ ಹಿಂದೆ ಕಟ್ಟಿ, ಕೆಮ್ಮಿ, ಬೋರ್ಡಿನ ಮುಂದೆ ನಿಂತು ಶುರು ಮಾಡುತ್ತಿದ್ದ. ಅಣ್ಣಿಗೇರಿಯ ಗುಡಿಯಲ್ಲಿ ಕಂಬ ಬಹಳ. ಏಕೆಂದರೆ, ಬೋರ್ಡಿನಲ್ಲಿ ಬರೆದ ಪ್ರಕಾರ, ರಾಜನ ತಾಯಿಗೆ ಮೊಣಕಾಲು ನೋವಿತ್ತು. ಒಂದು ಕಂಬ ಬಿಟ್ಟು ಇನ್ನೊಂದು ಹಿಡಿದು ದೇವರ ತನಕ ನಡೆಯಲಿ ಎಂದು ರಾಜ ಅಷ್ಟು ಒತ್ತೊತ್ತಾಗಿ ಕಂಬ ನಿಲ್ಲಿಸಿದ. ಲಕ್ಕುಂಡಿಯಲ್ಲಿ ಎಲ್ಲಿ ನೋಡಿದರೂ ಬಾವಿ. ಅಲ್ಲಿಯ ರಾಜನ ತಾಯಿ ಒಮ್ಮೆ ಮಂದಿಯ ಬಾವಿಗೆ ನೀರಿಗೆ ಹೋಗಿ ಮಾತು ಕೇಳಿ ಬಂದಿದ್ದಳು, ಅದಕ್ಕೆ. ಅಪ್ಪನ ಎಲ್ಲ ರಾಜರಿಗೂ ಒಬ್ಬ ತಾಯಿ ಇರುತ್ತಿದ್ದಳು, ಮಳೆಯ ಚಿಂತೆ ಇರುತ್ತಿತ್ತು, ಕಾಲು ನೊಂದ ಒಂದು ಎತ್ತಿರುತ್ತಿತ್ತು. ಯುದ್ಧ ಮಾಡಿದ ರಾಜ ನನಗೆ ಒಬ್ಬನೂ ನೆನಪಿಲ್ಲ. ಅಪ್ಪ ನಡುವೆ ತಡವರಿಸಿದರೆ ಅವ್ವ, ಮುಂದೇನು ಬರೆದಾರ್ರೀ ಎಂದು ಮೆಲ್ಲಗೆ ಕೇಳುತ್ತಿದ್ದಳು. ಆ ಪ್ರಶ್ನೆ ಸಿಕ್ಕ ಕೂಡಲೇ ಅಪ್ಪನ ಕತೆ ಮತ್ತೆ ಹೊರಡುತ್ತಿತ್ತು.

ಅವ್ವ ತವರುಮನೆಯಲ್ಲಿ ಐದನೇ ಇಯತ್ತೆ ಮುಗಿಸಿದವಳು. ನನಗೆ ಅ ಆ ಇ ಈ ಕಲಿಸಿದವಳು ಅವಳೇ, ರೊಟ್ಟಿ ಬಡಿಯುತ್ತ, ಹಿಟ್ಟಿನ ಮೇಲೆ ಬರೆದು. ಆದರೆ ಅಪ್ಪ ಮನೆಗೆ ಬಂದ ಹೊತ್ತಿನಲ್ಲಿ ಅವಳ ಕೈಯಲ್ಲಿ ಒಂದು ಕಾಗದದ ಚೂರನ್ನೂ ನಾನು ನೋಡಿದವಳಲ್ಲ. ಇದೇಕೆ ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ. ಬುದ್ಧಿ ಇರಲಿಲ್ಲ, ಓದು ಮಾತ್ರ ಬಂದುಬಿಟ್ಟಿತ್ತು, ತೊಂದರೆಯಾದದ್ದೇ ಅದರಿಂದ.

ಮೂರನೇ ಇಯತ್ತೆಗೆ ಬಂದ ವರ್ಷ ನನಗೆ ಓದಿನ ಹುಚ್ಚು ಹಿಡಿಯಿತು. ಸಾಬೂನಿನ ಕಾಗದ, ಬೀಡಿ ಕಟ್ಟು, ಗೊಬ್ಬರದ ಚೀಲ, ಮದುವೆಯ ಕರೆಯೋಲೆಯ ತುದಿಯ ಮುದ್ರಣಾಲಯದ ಹೆಸರು, ಯಾವುದನ್ನೂ ಬಿಡದೆ ಗಟ್ಟಿಯಾಗಿ ಓದುತ್ತಿದ್ದೆ. ಮನೆಗೆ ಬಂದವರು ಶೇಂಗಾ ತಿನ್ನುವಾಗ ಅವರ ಕೈಯಲ್ಲಿದ್ದ ಹಾಳೆಯನ್ನು ಕತ್ತು ಕೊಂಕಿಸಿ ಓದಿ ಅವರಿಗೇ ಹೇಳುತ್ತಿದ್ದೆ. ಅಂಥ ಮಗು ಈಗ ನನ್ನ ಮುಂದೆ ಬಂದರೆ ಎದ್ದು ಒಳಗೆ ಹೋಗುತ್ತೇನೆ. ಆಯಿಗೆ ಮಾತ್ರ ಅದು ಹಬ್ಬ. ಅಪ್ಪನ ಬುದ್ಧಿ ಮಗಳಿಗೆ ಬಂದಿದೆ ಎಂದು ಓಣಿಯಲ್ಲಿ ಹೇಳಿಕೊಂಡು ಬಂದಳು.

ಆ ವರ್ಷ ನಾವು ಹಿಡಿದ ದೇವರು ಬನಶಂಕರಿ. ದೇವರಿಗೆ ಉಡಿ ತುಂಬಿ, ಮರುದಿನ ಅಲ್ಲೇ ಮೂರು ಮೈಲು ದೂರದ ಬಾದಾಮಿಯ ಗುಹೆ ನೋಡುವುದು. ಆಯಿಯೇ ಹಟ ಹಿಡಿದಿದ್ದಳು. ಗುಡ್ಡ ಕೊರೆದು ಗುಡಿ ಮಾಡಿದ್ದಾರಂತೆ, ಅಲ್ಲಿ ಏನು ಬರೆದಿದ್ದಾರೋ ನನ್ನ ಮಗ ಓದುವುದನ್ನು ಕೇಳಬೇಕು, ಮುಂದಿನ ವರ್ಷ ನನ್ನ ಕಾಲು ನಡೆಯುತ್ತಾವೋ ಇಲ್ಲವೋ ಎಂದಳು. ಗುಡಗೇರಿಯಿಂದ ಮುಂಜಾನೆಯ ಪ್ಯಾಸೆಂಜರ್ ಗಾಡಿಗೆ ಹುಬ್ಬಳ್ಳಿ, ಅಲ್ಲಿಂದ ಕೆಂಪು ಬಸ್ಸು. ನವಲಗುಂದ, ನರಗುಂದ ದಾಟುವವರೆಗೂ ನಾನು ರಸ್ತೆಯ ಬದಿಯ ಒಂದೊಂದು ಮೈಲಿಗಲ್ಲನ್ನೂ ಕೂಗಿ ಓದಿದೆ. ಅವ್ವ ನನ್ನನ್ನು ತನ್ನ ಬಾಜೂ ಎಳೆದುಕೊಂಡು, ನಾಳೆ ಅಲ್ಲಿ ಹೋದ ಮೇಲೆ ಮನಸ್ಸಿನಲ್ಲೇ ಓದಬೇಕು, ಬಾಯಿ ತೆರೆಯಬಾರದು ಎಂದಳು. ನನ್ನ ಗಂಟಲು ನೋಯುತ್ತದೆ ಎಂದು ಅವಳಿಗೆ ಕಾಳಜಿ ಎಂದುಕೊಂಡೆ.

ರೊಟ್ಟಿ ಗಂಟಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಒಂದು ಡಬ್ಬಿಯಲ್ಲಿ ಗಟ್ಟಿ ಮೊಸರು, ಒಂದಿಷ್ಟು ಗೋದಿ-ಬೆಲ್ಲದ ಮಾದಲಿ. ಬನಶಂಕರಿಯ ಹೊಂಡದ ಸುತ್ತ ಕಲ್ಲಿನ ಸಾಲುಮಂಟಪವಿದೆ. ಅಲ್ಲೇ ಉಂಡು, ಅಲ್ಲೇ ಮಲಗಿ, ಹೊತ್ತು ಹುಟ್ಟುವುದಕ್ಕೆ ಬಾದಾಮಿ ಮುಟ್ಟಿದೆವು. ಗುಡ್ಡದ ಬುಡದಲ್ಲಿ ಗಂಟು ಇಳಿಸುವುದೇ ತಡ, ಒಂದು ಮಂಗ ಬಂದು ಉಳಿದಿದ್ದ ಮಾದಲಿಯನ್ನು ಡಬ್ಬಿ ಸಮೇತ ಒಯ್ದಿತು. ಮೇಲೆ ಕೂತು ಮುಚ್ಚಳ ತೆಗೆದು, ಮೂಸಿ, ಬೆಲ್ಲದ ಹೆಂಟೆಗಳನ್ನು ಮಾತ್ರ ಆರಿಸಿಕೊಂಡು ತಿಂದಿತು. ನಾನೂ ಹಾಗೇ ತಿನ್ನುತ್ತೇನೆಂದು ಅವ್ವನಿಗೆ ಮಾತಾಡಲು ಒಂದು ಅನುಕೂಲವಾಯಿತು.

ಆಯಿ ಮೆಟ್ಟಿಲ ಬುಡದಲ್ಲೇ ಚಪ್ಪಲಿ ಬಿಟ್ಟಳು. ಮೇಲೆ ಪೂಜೆ ಇಲ್ಲ, ಎಲ್ಲರೂ ಮೆಟ್ಟಿಕೊಂಡೇ ಹೋಗುತ್ತಾರೆ ಎಂದು ಯಾರೋ ಹೇಳಿದರೂ ಕೇಳಲಿಲ್ಲ. ಪೂಜೆ ಇಲ್ಲದಿದ್ದರೇನು, ದೇವರು ದೇವರಲ್ಲವೇ ಎಂದಳು. ಅವಳು ಬಿಟ್ಟ ಮೇಲೆ ನಾವೂ ಬಿಡಲೇಬೇಕು. ಒಂದನೆಯ ಗುಹೆಯ ಹತ್ತಿರ ನೀಲಿ ಬೋರ್ಡು. ಅಪ್ಪ ಪದ್ಧತಿಯ ಪ್ರಕಾರ ಮೇಲೆ ಹಣಿಕಿ ಹಾಕಿ ಬಂದ. ಅಲ್ಲಿ ಕುಣಿಯುವ ಶಿವನಿದ್ದಾನೆ, ಹದಿನೆಂಟು ಕೈ. ಅಪ್ಪ ಕೆಮ್ಮಿ ಶುರು ಮಾಡಿದ. ರಾಜನ ತಾಯಿ ಮಗನಿಗೆ ಹೇಳಿದಳಂತೆ: ಬೀಸುವುದು, ಕುಟ್ಟುವುದು, ಹಿಂಡುವುದು, ತೊಟ್ಟಿಲು ತೂಗುವುದು, ಮನೆ ಕೆಲಸಕ್ಕೆ ಎರಡು ಕೈ ಎಲ್ಲಿ ಸಾಲುತ್ತಾವೆ, ನಿನ್ನ ದೇವರಿಗಾದರೂ ಹದಿನಾರು ಕೈ ಹೆಚ್ಚು ಮಾಡಿಸು. ಆಯಿ ನಕ್ಕಳು. ಅವ್ವ, ಮುಂದೇನು ಬರೆದಾರ್ರೀ ಎಂದಳು.

ನಾನು ಅಪ್ಪನ ಬಾಜೂ ನಿಂತು ಮನಸ್ಸಿನಲ್ಲೇ ಓದುತ್ತಿದ್ದೆ. ರಾಜ ಎಲ್ಲಿದ್ದಾನೆ ಎಂದು ಹುಡುಕಿದೆ. ಇರಲಿಲ್ಲ. ತಾಯಿಯೂ ಇರಲಿಲ್ಲ. ಕಾಯ್ದೆ ಇತ್ತು, ಸೆರೆಮನೆ ಇತ್ತು. ಅಪ್ಪ ಬೇರೆ ಬೋರ್ಡು ಓದುತ್ತಿರಬೇಕೆಂದು ಅದರ ಹಿಂದೆಯೂ ಹೋಗಿ ನೋಡಿ ಬಂದೆ. ಹಿಂದೆ ಬರೀ ತುಕ್ಕು ಹಿಡಿದಿತ್ತು.

ಅಷ್ಟರಲ್ಲಿ ಆಯಿ ಶಿವನ ಹತ್ತಿರ ಹೋಗಿ, ಸೊಂಟದ ಸಂಚಿಯಿಂದ ವಿಭೂತಿ ಗಟ್ಟಿ ತೆಗೆದು, ನೀರು ಹಚ್ಚಿ, ಅವನ ಪಾದಕ್ಕೆ ಮೂರು ಬೆರಳು ಎಳೆಯಲು ಕೈ ಚಾಚಿದ್ದಳು. ಕಾವಲುಗಾರ ಓಡಿ ಬಂದ. ಒಳ್ಳೆಯ ಮನುಷ್ಯ, ಬೈಯಲಿಲ್ಲ. "ಅಮ್ಮಾರ, ಕೈ ತಗೀರಿ. ಕೆಳಗ ಬೋರ್ಡ ಓದಿಲ್ಲೇನು?" ಅಂದ.

"ಓದೇವಪಾ" ಎಂದಳು ಆಯಿ. "ನನ್ನ ಮಗ ಕಡೀತನಕಾ ಓದಿ ಹೇಳ್ಯಾನ. ಅದರಾಗ ವಿಭೂತಿ ಸುದ್ದಿ ಎಲ್ಲೂ ಇಲ್ಲ."

ಕಾವಲುಗಾರ ಅಪ್ಪನ ಕಡೆ ತಿರುಗಿ, ಏನು ಓದಿದಿರಿ ಹೇಳಿರಿ ನೋಡೋಣ ಅಂದ. ಅಪ್ಪ ತನ್ನ ಬರಿಗಾಲು ನೋಡುತ್ತ ನಿಂತ. ಅಪ್ಪನಿಗೆ ನೆನಪಾಗುತ್ತಿಲ್ಲ, ನಾನು ನೆರವಿಗೆ ಹೋಗಬೇಕು ಎಂದು ನನಗನಿಸಿತು. ಈ ವಯಸ್ಸಿಗೂ ಆ ಗಳಿಗೆಯನ್ನು ನೆನೆದರೆ ನನಗೆ ನನ್ನದೇ ಬಾಯಿ ಮುಚ್ಚಬೇಕು ಅನಿಸುತ್ತದೆ. ನಾನು ಬೋರ್ಡಿನ ಕಡೆಗೆ ಓಡಿ, ಸಾಲಿಯಲ್ಲಿ ಬಹುಮಾನ ತೆಗೆದುಕೊಂಡ ದನಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿದೆ. ಸೆರೆಮನೆ, ದಂಡ, ಎರಡೂ. ಓದಿ ತಿರುಗಿ, ರಾಜನ ಸುದ್ದಿ ಇದರಲ್ಲಿಲ್ಲ ಆಯಿ ಎಂದೂ ಹೇಳಿದೆ.

ಆಯಿ ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಅವ್ವನಿಗೆ, ನೀನು ಐದನೇ ಇಯತ್ತೆ ಕಲಿತವಳು, ಏನು ಬರೆದಿದೆ ನೀನೇ ಓದಿ ಹೇಳು ಎಂದಳು. ಅವ್ವ ಬೋರ್ಡಿನ ಹತ್ತಿರ ಬಂದಳು. ಬಹಳ ಹೊತ್ತು ನೋಡಿದಳು.

"ನನಗ ಎಲ್ಲಾ ಮರತ ಹೋಗೈತ್ರಿ ಅತ್ತಿ" ಎಂದಳು. "ನನಗ ಓದಾಕ ಬರೂದಿಲ್ಲ."

ಹಿಂದಿನ ವಾರ ತಾನೇ ನನ್ನ ಪುಸ್ತಕದ ಇಡೀ ಪಾಠವನ್ನು ನನಗೆ ಓದಿ ಹೇಳಿದ್ದ ನನ್ನ ಅವ್ವ! ಸುಳ್ಳು ಹೇಳಿದರೆ ಬಾಯಿಗೆ ಕೆಂಪು ಖಾರ ಹಚ್ಚುತ್ತೇನೆ ಎನ್ನುತ್ತಿದ್ದವಳು! ನನಗೆ ಅಳು ಬಂತು. ಅಪ್ಪ ಅವ್ವನ ಕಡೆ ಒಮ್ಮೆ ನೋಡಿ ಬೇರೆ ಕಡೆ ಮುಖ ಮಾಡಿದ. ಕಾವಲುಗಾರನಿಗೆ ಏನು ತಿಳಿಯಿತೋ, ಇನ್ನೂ ಮೂರು ಗುಹೆ ಮೇಲಿವೆ, ಬಿಸಿಲೇರುವುದರೊಳಗೆ ನೋಡಿಕೊಂಡು ಬನ್ನಿರಿ ಎಂದು ದಾರಿ ಬಿಟ್ಟ.

ಎರಡನೆಯ ಗುಹೆಯ ಬೋರ್ಡನ್ನು ಅಪ್ಪ ನೋಡದವನಂತೆ ದಾಟಿ ಹೋದ. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಚೆಲುವಾದದ್ದು. ಅದರ ಮುಂದೆ ಆಯಿ ನಿಂತು, ಓದೋ ತಮ್ಮಾ ಎಂದಳು, ಯಾವಾಗಿನಂತೆ ಅಲ್ಲ, ಅಂಜಿಕೊಂಡು. ಬಿಸಿಲಿಗೆ ಕಣ್ಣು ಕುಕ್ಕುತ್ತಿವೆ ಬೇ ಎಂದ ಅಪ್ಪ. ಆಯಿ ಮೆಟ್ಟಿಲ ಮೇಲೆ ಕೂತಳು. ಕೂತು ತನ್ನ ಎರಡು ಕೈಗಳನ್ನೂ ಉಡಿಯಲ್ಲಿಟ್ಟುಕೊಂಡು, ಯಾರಿಗೂ ಹೇಳದವಳಂತೆ ಹೇಳಿದಳು: "ಅವನ ಕೈಯಾಗಿನ ಪಾಟಿ ಕಸಗೊಂಡಾಕಿ ನಾನಽ ಅಲ್ಲೇನು."

ಆಯಿಯ ಬಾಯಿಗೆ ಬಾರದಂತೆ ಅಷ್ಟು ವರ್ಷ ಅಪ್ಪ ತಡೆದು ಹಿಡಿದಿದ್ದ ಮಾತು ಅದು. ಅವನು ದೂರದ ಕಂಬಕ್ಕೆ ಒರಗಿ ಕೆಳಗಿನ ಕೆರೆ ನೋಡುತ್ತಿದ್ದ. ಅವನಿಗೆ ಕೇಳಿಸಿತು ಎಂದು ಅವನ ಬೆನ್ನು ನೋಡಿದರೆ ಗೊತ್ತಾಗುತ್ತಿತ್ತು. ಅವ್ವ ನನ್ನ ರಟ್ಟೆ ಹಿಡಿದು ಕಂಬದ ಮರೆಗೆ ಕರೆದುಕೊಂಡು ಹೋದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಕೂತು, ನನ್ನ ಮೂಗು ಒರೆಸಿ, ದನಿ ತಗ್ಗಿಸಿ, "ನಿಮ್ಮಪ್ಪಗ ಓದಾಕ ಬರೂದಿಲ್ಲ. ಆಯಿ ಹೊಟ್ಟಿ ತಣ್ಣಗಿರಲಿ ಅಂತ ಓದತಾನ" ಎಂದಳು. ಅಷ್ಟೇ. ನೀನು ತಪ್ಪು ಮಾಡಿದೆ ಅನ್ನಲಿಲ್ಲ.

ಅಣ್ಣಿಗೇರಿಯ ಕಂಬಗಳು, ಲಕ್ಕುಂಡಿಯ ಬಾವಿಗಳು, ಎತ್ತಿನ ಕಾಲು, ರಾಜನ ತಾಯಿಯ ಮೊಣಕಾಲು, ಎಲ್ಲವೂ ಅಪ್ಪನೇ ಹೊಸೆದದ್ದು ಎಂದು ಆಗ ತಿಳಿಯಿತು. ನನಗೆ ಅಪ್ಪ ಸುಳ್ಳುಗಾರ ಎಂದು ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಷ್ಟು ಕತೆಗಳು ಅವನ ಹತ್ತಿರ ಇದ್ದವಲ್ಲ, ಅವನ್ನೆಲ್ಲ ನಾನು ಒಂದು ಉಸಿರಿನಲ್ಲಿ ಕೆಡಿಸಿಬಿಟ್ಟೆನಲ್ಲ ಎಂದು ಸಂಕಟವಾಯಿತು. ನನ್ನ ಅಪ್ಪನ ಮೇಲೆ ನನಗೆ ಅಷ್ಟು ಪ್ರೀತಿ ಇದೆ ಎನ್ನುವುದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.

ನಾಲ್ಕನೆಯದು ಜೈನರ ಗುಹೆ, ಸಣ್ಣದು. ಬೇಡ, ಇಲ್ಲಿಂದಲೇ ಇಳಿಯೋಣ ಎಂದ ಅಪ್ಪ. ಇಷ್ಟು ದೂರ ಬಂದು ಒಂದನ್ನು ಬಿಟ್ಟು ಹೋಗಬಾರದು ಎಂದಳು ಅವ್ವ. ಆಯಿ ಮೆಟ್ಟಿಲಿಗೊಮ್ಮೆ ಮೊಣಕಾಲು ಹಿಡಿಯುತ್ತ ಹತ್ತಿದಳು. ಅಲ್ಲೂ ಬೋರ್ಡು. ಆಯಿ ಅದರ ಮುಂದೆ ನಿಂತಳು, ಆದರೆ ಓದೋ ತಮ್ಮಾ ಅನ್ನಲಿಲ್ಲ. ಬೋರ್ಡನ್ನೇ ನೋಡುತ್ತ ಸುಮ್ಮನೆ ನಿಂತಳು. ಅವಳು ಹಾಗೆ ಸುಮ್ಮನೆ ನಿಂತದ್ದನ್ನು ನನ್ನಿಂದ ನೋಡಲಾಗಲಿಲ್ಲ.

ನಾನು ಹೋಗಿ ಅಪ್ಪನ ಕೈ ಹಿಡಿದು ಎಳೆದೆ. ಅವನು ಬರಲಿಲ್ಲ. ಜಗ್ಗಿ ಎಳೆದೆ, ಬಂದ. "ಅಪ್ಪಾ, ಬಿಸಲಾಗ ಸಾಲು ತಪ್ಪತಾವು. ನಾ ಬಟ್ಟ ಇಡತೀನಿ, ನೀ ಓದು" ಎಂದೆ. ತುದಿಗಾಲ ಮೇಲೆ ನಿಂತು ಮೊದಲನೆಯ ಸಾಲಿನ ಮೊದಲನೆಯ ಅಕ್ಷರದ ಕೆಳಗೆ ಬೆರಳಿಟ್ಟೆ. ತಗಡು ಕಾದು ಸುಡುತ್ತಿತ್ತು.

ಅಪ್ಪ ನನ್ನನ್ನು ನೋಡಿದ. ಅವನ ಕಣ್ಣು ತುಂಬಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಕೈ ಹಿಂದೆ ಕಟ್ಟಿದ. ಕೆಮ್ಮಿದ.

"ಒಬ್ಬ ರಾಜಾ ಇದ್ದ" ಎಂದ. ನನ್ನ ಬೆರಳು ಮೂರು ಅಕ್ಷರ ದಾಟಿ ನಿಂತಿತು. "ಅವ ಸಣ್ಣಂವ ಇದ್ದಾಗನಽ ಅವರಪ್ಪ ತೀರಿಕೊಂಡ. ಮನ್ಯಾಗ ಯಾರೂ ಇದ್ದಿಲ್ಲ. ತಾಯಿ ಅವನ್ನ ಸಾಲಿ ಬಿಡಿಸಿ ದನಾ ಕಾಯಾಕ ಕಳಿಸಿದಳು."

ಆಯಿ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವ್ವ ಮುಂದೇನು ಎಂದು ಕೇಳಲಿಲ್ಲ. ಅಪ್ಪನಿಗೆ ಈ ಸಲ ಆ ಪ್ರಶ್ನೆ ಬೇಕಾಗಿರಲಿಲ್ಲ. ಅವನು ನಿಧಾನವಾಗಿ, ಒಂದೊಂದೇ ಮಾತು ಆರಿಸಿಕೊಂಡು ಓದಿದ. ರಾಜ ದನ ಕಾಯುತ್ತ ಕಾಯುತ್ತ ಈ ಗುಡ್ಡಕ್ಕೆ ಬಂದ. ಮಳೆ ಬಂದರೆ ಇದೇ ಬಂಡೆಯ ಕೆಳಗೆ ನಿಲ್ಲುತ್ತಿದ್ದ. ಬಿಸಿಲಾದರೆ ಇದೇ ಬಂಡೆಗೆ ಒರಗಿ ಮಲಗುತ್ತಿದ್ದ. ಮಲಗಿದವನಿಗೆ ಕಲ್ಲಿನೊಳಗೆ ಯಾರೋ ಕೂತಿದ್ದಾರೆ ಅನಿಸುತ್ತಿತ್ತು. ದೊಡ್ಡವನಾಗಿ ಪಟ್ಟಕ್ಕೆ ಬಂದ ಮೇಲೆ ಆ ಕಲ್ಲನ್ನು ಕೊರೆಸಿದ. ಸೆರೆಮನೆಯ ಸಾಲು ದಾಟಿ ನನ್ನ ಬೆರಳು ದಂಡದ ಸಾಲಿಗೆ ಬಂದಿತ್ತು. ಅಪ್ಪ ಉಸಿರು ತೆಗೆದುಕೊಂಡ ಕಡೆ ನಾನೂ ನಿಲ್ಲುತ್ತಿದ್ದೆ.

"ತಾಯಿ ಅವನ್ನ ಸಾಲಿಗಿ ಕಳಿಸಿದ್ರ ಈ ಗುಡ್ಡ ಅವನ ಕಣ್ಣಿಗೆ ಬೀಳತಿದ್ದಿಲ್ಲ ಅಂತ ಬರದಾರ ಬೇ" ಎಂದ ಅಪ್ಪ.

ಆಯಿ ಅಪ್ಪನನ್ನು ಏನೂ ಕೇಳಲಿಲ್ಲ. ನನ್ನ ಹತ್ತಿರ ಬಂದು, ನನ್ನ ತಲೆಯ ಮೇಲೆ ಕೈ ಇಟ್ಟು, "ಖರೇನಽ ಹಂಗ ಬರದಾರೇನಬೇ?" ಎಂದಳು.

"ಹೌದ ಆಯಿ. ಹಂಗಽ ಬರದಾರ" ಎಂದೆ.

ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಮುಂದೆ ಓದೋ ತಮ್ಮಾ ಎಂದಳು. ಅಪ್ಪ ಓದಿದ. ರಾಜನ ತಾಯಿ ಗುಹೆ ನೋಡಲು ಹೊರಟಳಂತೆ, ಗುಡ್ಡ ಹತ್ತಲು ಅವಳಿಗೆ ಮೆಟ್ಟಿಲು ಕಡಿಸಿದರಂತೆ. ಅಷ್ಟರಲ್ಲಿ ಬೋರ್ಡಿನ ಕೊನೆಯ ಸಾಲು ಮುಗಿದುಹೋಯಿತು. ಅಪ್ಪನ ರಾಜನ ತಾಯಿ ಇನ್ನೂ ಅರ್ಧ ಗುಡ್ಡದಲ್ಲಿದ್ದಳು. ನಾನು ಬೆರಳನ್ನು ಮತ್ತೆ ಮೊದಲನೆಯ ಸಾಲಿಗೆ ತಂದೆ.